ದವಾಖಾನಿಗೆ ಬಂದಿದ್ರೇನು?

ಈ ಸಲ ಒಂದು ಫೋಟೋದಿಂದ ಶುರು ಮಾಡತೀನಿ. ಅದರಾಗ ನಾನು ಕುದರಿ ಮ್ಯಾಲೆ ಕುಂತೀನಿ. ತಲಿಗೆ ಕರೀ ಹೆಲ್ಮೆಟ್ಟು, ಮೈಮ್ಯಾಲೆ ಸೊಸಿ ಕೊಟ್ಟ ರೇನ್‌ಕೋಟು, ಕಾಲಾಗ ಅಲ್ಲಿಯವರೇ ಕೊಟ್ಟ ಉದ್ದನ್ನ ಬೂಟು. ಕುದರಿ ಪಕ್ಕದಾಗ ನಮ್ಮ ಮನ್ಯಾವರು ನಿಂತು ಬಾಯಿ ತುಂಬ ನಗಾಕತ್ತಾರ. ಅವರ ಒಂದು ಕೈ ನನ್ನ ಮೊಣಕಾಲ ಮ್ಯಾಲೆ ಐತಿ.

ಮಗ ಆ ಫೋಟೋ ತಗೊಂಡು ನಮ್ಮ ಮನಿತನದ ಗ್ರೂಪಿಗೆ ಹಾಕಿಬಿಟ್ಟ. ನಲವತ್ತು ಮಂದಿ ಇರೋ ಗ್ರೂಪು ಅದು, ಹುಬ್ಬಳ್ಳಿ ಭಾವನಿಂದ ಹಿಡಿದು ನಿಪ್ಪಾಣಿ ಕಾಕುತನಕ. ಹತ್ತು ನಿಮಿಷದಾಗ ನಮ್ಮ ಸಣ್ಣ ನೆಗೆಣ್ಣಿ ಬರದ್ಲು, "ಅಕ್ಕಾ, ಕಿತ್ತೂರ ರಾಣಿ ಆಗೀರಲ್ಲ!" ನಾ ಖುಷಿಯಾದೆ. ನಮ್ಮ ಮನ್ಯಾವರು ಮಾತ್ರ ಮಗನ್ನ ಕರದು, "ಅದನ್ನ ತಗದ ಹಾಕಪಾ, ಬ್ಯಾರೆ ಯಾವದರ ಹಾಕು" ಅಂದ್ರು. ಕುದರಿ ಹತ್ತಿದ್ದಕ್ಕ ನಾಚಿಕಿ ಅಂತ ನಾ ತಿಳಕೊಂಡಿದ್ದೆ. ಆಮ್ಯಾಲ ಗೊತ್ತಾತು, ಕುದರಿದಲ್ಲ, ಆ ಕೈದು ನಾಚಿಕಿ.

ಆ ಕೈ ಬಗ್ಗೆ ಬರೀಬೇಕಂತ ಭಾಳ ದಿನದಿಂದ ಅನಕೋತ ಬಂದೀನಿ.

ಹೋದ ವರ್ಷ ಬ್ಯಾಸಿಗಿ ಮುಗಿಯೂ ಹೊತ್ತಿಗೆ ಮಗನ ಮನಿಗೆ ಡಬ್ಲಿನ್ನಿಗೆ ಹೋಗಿದ್ವಿ. ಅವರಿಬ್ಬರೂ ನೌಕರಿಗೆ ಹೋಗೂ ಮಂದಿ. ಮುಂಜಾನೆ ಎಂಟಕ್ಕ ಹೋದ್ರಂದ್ರ ಸಂಜಿಕ ಆರಕ್ಕ ಬರೂದು. ಹದಿನೈದು ದಿನ ನಾವಿಬ್ಬರೂ ಮನ್ಯಾಗ ಕುಂತು ಖಿಡಕ್ಯಾಗಿಂದ ಮಳಿ ನೋಡಿದ್ವಿ. ಮಳಿ ನೋಡಾಕ ಖಾನಾಪುರದವರು ಅಷ್ಟು ದೂರ ಹೋಗಬೇಕೇನು? ಕಡೀಕ ಸೊಸಿ ಒಂದಿನ ರೈಲಿನ ತಿಕೀಟು ತಗದು ಕೈಯಾಗಿಟ್ಟು, "ಅತ್ತಿ, ಮಾವಾರು, ನಾಳೆ ನೀವಿಬ್ರೇ ಕಿಲ್ಲಾರ್ನಿಗೆ ಹೋಗಿ ಬರ್ರಿ, ಕುದರಿ ಸವಾರಿದೂ ಬುಕ್ ಮಾಡೀನಿ" ಅಂದ್ಲು. "ನಾವಿಬ್ರೇ?" ಅಂತ ಇಬ್ಬರೂ ಒಮ್ಮಿಗೇ ಕೇಳಿದ್ವಿ. ಮೂವತ್ತಮೂರು ವರ್ಷದ ಸಂಸಾರದಾಗ ನಾವಿಬ್ಬರೇ ಎಲ್ಲಿಗೂ ಸುಮ್ನ ಹೋಗಿದ್ದಿಲ್ರೀ. ಹೋದ್ರ ಲಗ್ನಕ್ಕ, ಮಣ್ಣಿಗೆ, ದೇವರಿಗೆ, ಇಲ್ಲಾ ದವಾಖಾನಿಗೆ.

ಡಬ್ಲಿನ್ನಿನಿಂದ ಕಿಲ್ಲಾರ್ನಿಗೆ ರೈಲಿನ್ಯಾಗ ಮೂರೂ ಕಾಲು, ಮೂರೂವರಿ ತಾಸು. ನಡುವ ಮ್ಯಾಲೋ ಅನ್ನೂ ಸ್ಟೇಷನ್ನಿನ್ಯಾಗ ಗಾಡಿ ಬದಲಿ ಮಾಡಬೇಕು. ಊರು ದೊಡ್ಡದಲ್ಲ. ಕೆರಿ, ಗುಡ್ಡ, ಅಡವಿ ಬಾಜೂಕ ಇರೂದರಿಂದ ಪ್ರವಾಸಿ ಮಂದಿ ಭಾಳ. ಸ್ಟೇಷನ್ ದಾಟಿ ಪ್ಯಾಟಿಗೆ ಬಂದ್ವಿ. ಎಲ್ಲಾ ಬೋರ್ಡೂ ಎರಡು ಭಾಷಾದಾಗ, ಮ್ಯಾಲೆ ಐರಿಶ್, ಕೆಳಗ ಇಂಗ್ಲಿಷ್. ಬೆಳಗಾವಿ ಕಡೆಯವರಿಗೆ ಎಲ್ಲಿ ಹೋದರೂ ಮದಲ ಬೋರ್ಡೇ ಕಾಣತಾವ ಅಂತ ಇವರು ನಕ್ಕರು. ರಸ್ತಾ ಮಗ್ಗಲ ಸಾಲಾಗಿ ಕುದರಿ ಗಾಡಿ ನಿಂತಿದ್ದೂವು. ಜಾಂಟಿಂಗ್ ಕಾರ್ ಅಂತಾರ ಅದಕ್ಕ, ಹೊಡಿಯಾಂವಗ ಜಾರ್ವಿ ಅಂತಾರ. ಒಂದ ಕುದರಿ, ಎರಡು ಗಾಲಿ. ನೋಡಿದ ಕೂಡಲೇ ನಾ ಅಂದೆ, "ರೀ, ಟಾಂಗಾ!" ನಾನು ಮದಿವ್ಯಾಗಿ ಬಂದ ಹೊಸದಾಗ ಬೆಳಗಾವಿ ಸ್ಟೇಷನ್ ಮುಂದ ಟಾಂಗಾ ನಿಂತಿರ್ತಿದ್ದೂವು, ಇವರಿಗೂ ನೆನಪಾತು. ಅಲ್ಲಿ ಒಂದು ಮಾತ್ರ ಹೊಸಾದು, ಲದ್ದಿ ರಸ್ತಾದಾಗ ಬೀಳಬಾರದಂತ ಕುದರಿ ಹಿಂದ ಒಂದು ಚೀಲಾ ಕಟ್ಟಿರ್ತಾರ. ಕಸಾ ಹೊಡಿಯಾಕಿ ನಾನು, ನನಗದು ಪಸಂದ ಬಿತ್ತು.

ಗಾಡಿಯವಗ ನಮ್ಮವರು ತಮ್ಮ ಇಂಗ್ಲಿಷಿನ್ಯಾಗ ಎಲ್ಲಾ ಕೇಳಿದ್ರು. ಅಪ್ಪನೂ ಇದೇ ಕೆಲಸ, ಅಜ್ಜನೂ ಇದೇ ಕೆಲಸ ಅಂದ. "ನಿಮ್ಮ ಹೆಂಡ್ತೀನ್ನ ಇದರಾಗ ಕುಂದ್ರಿಸಿಕೊಂಡು ಅಡ್ಡಾಡತೀರೇನು?" ಅಂತ ನಾ ಕೇಳಿಸಿದೆ. ಆ ಮನಶ್ಯಾ ನಕ್ಕು, ಮದಿವಿ ದಿನ ಕುಂತಿದ್ಲು, ಆಮ್ಯಾಲ ಇಲ್ಲ ಅಂದ. ಅದಕ್ಕ, ಪರದೇಶದಾಗ ಎಲ್ಲಾರೂ ಹೆಂಡ್ತಿ ಕೈ ಹಿಡಕೊಂಡೇ ತಿರಗತಾರ, ನಮ್ಮವರು ಮಾತ್ರ ಹಿಂಗ ಅಂತ ನಾ ಅನ್ನೂದಿಲ್ಲ. ಊರ ನಮ್ಮದಾತಂದ್ರ ಎಲ್ಲಾರ ಹಣೆಬಾರಾನೂ ಇಷ್ಟ ಕಾಣತೈತಿ.

ಆ ಗಾಡ್ಯಾಗ ರಾಸ್ ಕ್ಯಾಸಲ್ ಅನ್ನೂ ಕೋಟಿ ನೋಡಾಕ ಹೋದ್ವಿ. ಹದಿನೈದನೇ ಶತಮಾನದ್ದು, ಕೆರಿ ದಂಡಿ ಮ್ಯಾಲೆ ನಿಂತೈತಿ, 1652ರಾಗ ಕ್ರಾಮ್‌ವೆಲ್‌ನ ಇಂಗ್ಲಿಷ್ ಸೈನ್ಯಕ್ಕ ಕಡೀಕ ಶರಣಾದ ಕೋಟಿಗಳೊಳಗ ಒಂದು. ಅಲ್ಲೇ ಸಮೀಪ ಮಕ್ರಾಸ್ ಹೌಸ್ ಅಂತ ದೊಡ್ಡ ಮನಿ ಐತಿ. 1861ರಾಗ ವಿಕ್ಟೋರಿಯಾ ರಾಣಿ ಬರತಾಳಂತ ಆ ಮನಿಯವರು ವರ್ಷಾನುಗಟ್ಟಲೆ ಮನಿ ರಿಪೇರಿ ಮಾಡಿಸಿ, ಪಡದಿ, ಚಾದರ, ತಾಟು ವಾಟಗ ಎಲ್ಲಾ ಹೊಸಾದು ತರಿಸಿದ್ರಂತ. ರಾಣಿ ಇದ್ದಿದ್ದು ಎರಡು ರಾತ್ರಿ. ಆ ಖರ್ಚಿನ್ಯಾಗಿಂದ ಆ ಮನಿತನ ಮ್ಯಾಲ ಏಳಲಿಲ್ಲ. ಬೀಗರು ಬರತಾರಂತ ಸಾಲಾ ಮಾಡಿ ಬಣ್ಣಾ ಹೊಡಿಸೋರು ನಮ್ಮಲ್ಲಿ ಮಾತ್ರ ಅದಾರ ಅಂತ ಇಷ್ಟು ದಿನಾ ತಿಳಕೊಂಡಿದ್ದೆ.

ಆಮ್ಯಾಲ ಕುದರಿ. ಕುದರಿ ಬೆನ್ನು ಸರಿಯಾಗಿ ನನ್ನ ತಲಿ ಸಮ ಇತ್ತು. ಇಪ್ಪತ್ತು ವರ್ಷದ ಹುಡುಗಿ ಒಬ್ಬಾಕಿ ಬಂದು ಕಾಗದದ ಮ್ಯಾಲೆ ಸಹಿ ಮಾಡಿಸಿಕೊಂಡ್ಲು, ಬಿದ್ದರ ನಮ್ಮದ ಜವಾಬ್ದಾರಿ ಅಂತ. ನನ್ನ ಎದಿ ಡವಡವ ಅನ್ನಾಕತ್ತಿತ್ತು. ಒಂದು ಕಟ್ಟಿಗಿ ಮೆಟ್ಟಲ ಇಟ್ಟಿದ್ರು, ಅದರ ಮ್ಯಾಲೆ ನಿಂತು ಎಡಗಾಲು ರಿಕೀಬಿನ್ಯಾಗ ಇಡಬೇಕು, ಬಲಗಾಲು ಆ ಕಡೆ ಹಾಕಬೇಕು. ಐವತ್ನಾಕು ವರ್ಷದ ಮೊಣಕಾಲು. ಮದಲನೇ ಸಲ ಆಗಲಿಲ್ಲ, ಎರಡನೇ ಸಲಾನೂ ಆಗಲಿಲ್ಲ. ಮೂರನೇ ಸಲ ಇವರು ಹಿಂದಿನಿಂದ ಬಂದು ನನ್ನ ಸ್ವಂಟಾ ಹಿಡದು ಎತ್ತಿ ಕುಂದ್ರಿಸಿದ್ರು. ಎಲ್ಲಾರ ಮುಂದ! ಆ ಹುಡುಗಿ ಚಪ್ಪಾಳಿ ಹೊಡದ್ಲು. ಅವಾಗ ತಗದಿದ್ದ ಆ ಫೋಟೋ.

ಒಂದು ತಾಸು, ಕೆರಿ ದಂಡಿ ಗುಂಟ, ಅಡವಿಯೊಳಗ. ಆ ಹುಡುಗಿ ನನ್ನ ಕುದರಿ ಹಗ್ಗಾ ಹಿಡಕೊಂಡು ಮುಂದ, ಇವರ ಕುದರಿ ಹಿಂದ. ಕುದರಿ ಮ್ಯಾಲೆ ಕುಂತ್ರ ನಾವು ಕುಂತಿದ್ದಲ್ಲ ಅದು, ಕುದರಿ ನಮ್ಮನ್ನ ತೂಗೂದು. ಸೊಂಟಾ ಬಿಗಿ ಹಿಡದ್ರ ನೋವು, ಸಡ್ಲ ಬಿಟ್ರ ಆರಾಮ. ಅರ್ಧ ತಾಸು ಆದಮ್ಯಾಲೆ ನನಗದು ತಿಳೀತು. ದೂರದಾಗ ಕೆಂಪು ಜಿಂಕಿ ಹಿಂಡು ಕಂಡೂವು. ಅಷ್ಟರಾಗ ಮಳಿ ಬಂತು, ಖಾನಾಪುರದಂಥಾದ್ದೇ, ಸಣ್ಣಕ, ಬಿಡದಂಗ. ಇಳದ ಮ್ಯಾಲೆ ಒಂದ ಛತ್ರಿಯೊಳಗ ಇಬ್ಬರೂ ಪ್ಯಾಟಿತನಕ ನಡಕೋತ ಬಂದ್ವಿ. ಖಾನಾಪುರದ ಮನ್ಯಾಗ ನಮ್ಮ ಕಡೆ ಆರು ಛತ್ರಿ ಅದಾವು, ಆದ್ರ ಒಂದರೊಳಗ ಇಬ್ಬರು ಎಂದೂ ಹೋಗಿಲ್ಲ.

ಅಲ್ಲಿ ಜೂನ್ ತಿಂಗಳಿನ್ಯಾಗ ರಾತ್ರಿ ಹತ್ತರತನಕ ಬೆಳಕಿರತೈತಿ. ವಾಪಸ್ ಬರೂ ರೈಲಿನ್ಯಾಗ ನಾ ಇವರ ಕಡೆ ನೋಡಕೋತ ಕುಂತಿದ್ದೆ. ಖಾನಾಪುರದಾಗ ನನಗಿಂತ ಹತ್ತು ಹೆಜ್ಜಿ ಮುಂದ ನಡಿಯೂ ಮನಶ್ಯಾ ಇವರೇ ಏನು? ಬಸ್ಸಿನ್ಯಾಗ ನನ್ನ ಹೆಂಗಸರ ಸೀಟಿಗೆ ಕಳಿಸಿ ತಾವು ಹಿಂದ ಹೋಗಿ ನಿಂತಕೊಳ್ಳಾವರು? ಗುರ್ತಿನ ಮಂದಿ ಒಬ್ಬರೂ ಇಲ್ಲದ ಊರಾಗ ನಮ್ಮ ಮನ್ಯಾವರು ಬ್ಯಾರೆನೇ ಆಗಿದ್ರು. ಹಂಗ ನೋಡಿದ್ರ ನಾನೂ ಬ್ಯಾರೆ ಆಗಿದ್ದೆ ಅನ್ರಿ.

ಊರಿಗೆ ಬಂದ್ವಿ. ಮಳಿ, ಹಬ್ಬ, ಬಂದವರು ಹೋದವರು. ದೀಪಾವಳಿ ಆದಮ್ಯಾಲೆ ಒಂದಿನ ಚಾ ಕುಡಿಯೂ ಹೊತ್ನ್ಯಾಗ ನಾ ಅಂದೆ, "ರೀ, ಕಿಲ್ಲಾರ್ನ್ಯಾಗ ಅಡ್ಡಾಡಿದಂಗ ಒಂದಿನ ಬೆಳಗಾವ್ಯಾಗ ಅಡ್ಡಾಡೂಣು. ಕೆಲಸಾ ಏನೂ ಇಟಗೋಬಾರದು." ಇವರು ಪೇಪರಿನಿಂದ ತಲಿ ಎತ್ತಲಾರದ, "ಬೆಳಗಾವ್ಯಾಗ ಏನ ಐತಿ ನೋಡಾಕ?" ಅಂದ್ರು.

ಏನ ಐತಿ ಅಂತ ಕೇಳಿದ್ರು ನೋಡ್ರಿ. ಖಾನಾಪುರದಿಂದ ಬೆಳಗಾವಿ ಇಪ್ಪತ್ತಾರು ಕಿಲೋಮೀಟರ. ಇವರು ಹೆಂಚಿನ ಕಾರ್ಖಾನ್ಯಾಗ ಲೆಕ್ಕ ಬರಿಯಾಕ ಇದ್ದಾಗ ಬ್ಯಾಂಕಿನ ಕೆಲಸಕ್ಕಂತ ವಾರಕ್ಕೊಮ್ಮೆ ಹೋಗತಿದ್ರು. ನಾನೂ ನೂರಾರು ಸಲ ಹೋಗಿರಬೇಕು. ಬಸ್‌ಸ್ಟ್ಯಾಂಡಿನ ಸಮೀಪದಾಗೇ ಕೋಟಿ ಐತಿ. ಮೂವತ್ತಮೂರು ವರ್ಷದಾಗ ಆ ಕೋಟಿಯೊಳಗ ನಾ ಒಮ್ಮೆನೂ ಕಾಲಿಟ್ಟಿದ್ದಿಲ್ಲ. ಐದು ಸಾವಿರ ಮೈಲಿ ಆಚೆ ರಾಸ್ ಕ್ಯಾಸಲ್ ನೋಡಿ ಬಂದಾಕಿ ನಾನು!

ಒಪ್ಪಿಸೂದರಾಗ ಎಂಟು ದಿನ ಹೋತು. ಕಡೀಕ ಒಂದು ಮಂಗಳವಾರ ಹೊಂಟ್ವಿ. ಶಕ್ತಿ ಯೋಜನೆ ದೆಸಿಂದ ನಂದು ಸೊನ್ನಿ ತಿಕೀಟು, ಇವರದು ರೊಕ್ಕದ ತಿಕೀಟು. ಅದೊಂದು ಚ್ಯಾಷ್ಟಿ ಮಾಡಕೋತ ಹೋದ್ವಿ, ಬ್ಯಾರೆ ಬ್ಯಾರೆ ಸೀಟಿನ್ಯಾಗ ಕುಂತು ಅನ್ರಿ.

ಕೋಟಿ ಸುತ್ತ ಕಂದಕ ಐತಿ, ಬಾಗಲದಾಗ ಗಣಪತಿ, ದುರ್ಗಾದೇವಿ ಗುಡಿ ಅದಾವು. ಒಳಗ ಕಮಲ ಬಸದಿ. ರಟ್ಟರ ಕಾಲದಾಗ ಬೀಚಿರಾಜ 1204ರಾಗ ಕಟ್ಟಿಸಿದ್ದು. ನೇಮಿನಾಥ ತೀರ್ಥಂಕರರ ಮೂರ್ತಿ. ಚಾವಣಿಯೊಳಗ ಕರೀ ಕಲ್ಲಿನ ಕಮಲ ಇಳಿಬಿಟ್ಟಾರ, ಎಪ್ಪತ್ತೆರಡು ಎಸಳು ಅದಕ್ಕ. ಇವರು ಕುತಗಿ ಎತ್ತಿ ಎಣಸಾಕ ನಿಂತ್ರು, ಲೆಕ್ಕ ಬರದ ಮನಶ್ಯಾರಲ್ಲ. ಎರಡು ಸಲ ತಪ್ಪಿ ಮೂರನೇ ಸಲಾ ಬಿಟ್ಟರು. ಕಂಬ ಎಷ್ಟು ನುಣಪು ಅಂದ್ರ, ಎಂಟನೂರು ವರ್ಷದ ಮ್ಯಾಲೂ ನನ್ನ ಮುಖಾ ಅದರಾಗ ಮಸಕ ಮಸಕ ಕಂಡಿತು. ಅದೇ ಕೋಟಿಯೊಳಗ ಸಫಾ ಮಸೀದಿ ಐತಿ, ಆದಿಲಶಾಹಿ ಸರದಾರ ಅಸದಖಾನನ ಕಾಲದ್ದು. ರಾಮಕೃಷ್ಣ ಆಶ್ರಮಾನೂ ಅಲ್ಲೇ ಐತಿ. 1892ರಾಗ ಸ್ವಾಮಿ ವಿವೇಕಾನಂದರು ಬೆಳಗಾವಿಗೆ ಬಂದಾಗ ಉಳಕೊಂಡ ಮನಿ ಅವರ ಕಡೆನೇ ಐತಿ. ಬಸದಿ, ಮಸೀದಿ, ಗುಡಿ, ಆಶ್ರಮ, ಎಲ್ಲಾ ಒಂದ ಗ್ವಾಡಿ ಒಳಗ. "ಇಷ್ಟೆಲ್ಲಾ ಇಲ್ಲೇ ಇತ್ತಲ್ಲ" ಅಂತ ಇವರು ಸಣ್ಣ ದನಿಯಾಗ ಅಂದ್ರು. ನಾ ಏನೂ ಅನ್ನಲಿಲ್ಲ.

ಅಲ್ಲಿಂದ ಚನ್ನಮ್ಮ ಸರ್ಕಲ್ಲಿಗೆ ಬಂದ್ವಿ. ರಾಣಿ ಚನ್ನಮ್ಮ ಕುದರಿ ಮ್ಯಾಲೆ ಕತ್ತಿ ಎತ್ತಿ ಕುಂತಾಳ. ಎಷ್ಟ ಸಲ ಆ ಸರ್ಕಲ್ ಸುತ್ತಿಲ್ಲ ನಾವು! ಆದ್ರ ಅವತ್ತು ನಾ ನೋಡಿದ್ದು ಕತ್ತೀನ್ನಲ್ಲ, ರಿಕೀಬಿನ್ಯಾಗ ಆಕಿ ಕಾಲು ಹೆಂಗ ಐತಿ ಅನ್ನೂದನ್ನ. ಕುದರಿ ಹತ್ತಿ ಬಂದಾಕಿಗೆ ಅದು ಮದಲ ಕಾಣತೈತಿ ನೋಡ್ರಿ. ಚನ್ನಮ್ಮ ಹುಟ್ಟಿದ್ದು ಇಲ್ಲೇ ಕಾಕತಿಯೊಳಗ, 1778ರಾಗ. ಸಣ್ಣಾಕಿ ಇದ್ದಾಗಲೇ ಕುದರಿ ಸವಾರಿ, ಕತ್ತಿ ವರಸಿ ಕಲತಾಕಿ ಅಂತ ಸಾಲ್ಯಾಗ ಓದಿದ್ವಿ. 1824ರ ಅಕ್ಟೋಬರಿನ್ಯಾಗ ಕಿತ್ತೂರ ಕಾಳಗದಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಆಕಿಗಿಂತ ಮದಲ ನಮ್ಮ ಜಿಲ್ಲಾದಾಗೇ ಬೆಳವಡಿ ಮಲ್ಲಮ್ಮ ಇದ್ಲು, ಹೆಂಗಸರ ದಂಡು ಕಟ್ಟಿ ಶಿವಾಜಿ ಮಹಾರಾಜರ ಸೈನ್ಯದ ಜೋಡಿ ಕಾದಿದಾಕಿ. ಕುದರಿ ಮ್ಯಾಲಿನ ಹೆಂಗಸು ನಮ್ಮ ಕಡೆಗೇನು ಹೊಸಬಳಲ್ಲ. ಈಗ ಮಾತ್ರ ಆಕಿ ಸರ್ಕಲ್ಲಿನ್ಯಾಗ ಅಷ್ಟ ಇರಬೇಕು, ನಾವು ಕೆಳಗ ನಿಂತು ಕೈ ಮುಗಿಬೇಕು.

ಮಧ್ಯಾಹ್ನ ಖಡೇಬಜಾರ ಕಡೆ ಹೋದ್ವಿ. ಏನೂ ತೊಗೋಬಾರದು, ಬರೇ ನೋಡಬೇಕಂತ ನಾನೇ ಕರಾರು ಹಾಕಿದ್ದೆ. ಖರೇ ಹೇಳತೀನಿ, ಸಂತಿ ಚೀಲಾ ಇಲ್ಲದ ಆ ರಸ್ತಾದಾಗ ನಡದಾಗ ನನ್ನ ಕೈ ಎಲ್ಲಿ ಇಟ್ಟುಕೋಬೇಕು ಅಂತ ತಿಳೀಲಿಲ್ಲ. ಒಂದು ಹೋಟೆಲಿನ್ಯಾಗ ಕುಂತು ಕುಂದಾ ತರಿಸಿದ್ವಿ. ಮನಿಗೆ ಕಟ್ಟಿಸಿಕೊಂಡು ಹೋಗೂದ ರೂಢಿ ನಮಗ, ಬೀಗರಿಗೆ, ಮಕ್ಕಳಿಗೆ, ಡಬ್ಲಿನ್ನಿಗೆ. ನಾವಿಬ್ಬರೇ ಒಂದ ಪ್ಲೇಟಿನ್ಯಾಗ ತಿಂದಿದ್ದು ಅದೇ ಮದಲು.

ಅವಾಗ ಬಂದ್ರು ನಮ್ಮ ಓಣಿಯವರೊಬ್ಬರು.

"ಏನ್ ಸಾವಕಾರ್ರ, ಇಬ್ಬರೂ ಈ ಕಡೆ? ದವಾಖಾನಿಗೆ ಬಂದಿದ್ರೇನು?"

ಇವರ ಚಮಚಾ ಅಲ್ಲೇ ನಿಂತಿತು. ನನ್ನ ಕಡೆ ಒಮ್ಮೆ ನೋಡಿದ್ರು. ಆಮ್ಯಾಲ, "ಹ್ಞೂಂ, ಇವರದ ಸ್ವಲ್ಪ ಚೆಕಪ್ ಇತ್ತು" ಅಂದ್ರು.

ನಾನು ಕುಂದಾ ಬಾಯಾಗ ಇಟಗೊಂಡು ಜಡ್ಡಿನಾಕಿ ಮಾರಿ ಮಾಡಬೇಕಾತು. ಅವರು "ಜ್ವಾಕಿ ವೈನೀ, ಸಿಹಿ ಕಡಿಮಿ ತಿನ್ರಿ" ಅಂತ ಹೇಳಿ ಹೋದ್ರು. ಅದಾದ ಮ್ಯಾಲೆ ಟಿಳಕವಾಡ್ಯಾಗ ವೀರಸೌಧ, ಕಾಂಗ್ರೆಸ್ ಬಾವಿ ನೋಡೂದಿತ್ತು. 1924ರಾಗ ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ಆಗಿದ್ದು ಆ ಜಾಗಾದಾಗ, ಬಂದ ಮಂದಿಗೆ ನೀರು ಬೇಕಂತ ತೋಡಿದ ಬಾವಿ ಅದು. ಹೋದ್ವಿ, ನೋಡಿದ್ವಿ. ಆದ್ರ ಇಬ್ಬರ ನಡುವ ಮತ್ತ ಹತ್ತು ಹೆಜ್ಜಿ ಬಂದಿತ್ತು.

ಸಂಜಿಕ ಮನಿ ಮುಟ್ಟೂದರಾಗ ಸುದ್ದಿ ನಮಗಿಂತ ಮದಲ ಮುಟ್ಟಿತ್ತು. ಮದಲ ಮಗ್ಗಲ ಮನಿ ಕಾಕು ಮೋಸಂಬಿ ತಗೊಂಡು ಬಂದ್ರು. ಆಮ್ಯಾಲ ಇನ್ನೊಬ್ಬರು ಗ್ಲುಕೋಸ್ ಬಿಸ್ಕೀಟು. ನಾದಿನಿ ಬೈಲಹೊಂಗಲದಿಂದ ಫೋನ್ ಹಚ್ಚಿ ಅಳಾಕ ಶುರು ಮಾಡಿದ್ಲು, "ವೈನಿ, ನಮಗ್ಯಾಕ ಹೇಳಲಿಲ್ಲ? ಗಂಟ ಐತೇನು?" ಒಂದು ಚೆಕಪ್ಪು ಮೂರು ತಾಸಿನ್ಯಾಗ ಗಂಟಾಗಿತ್ತು. ರಾತ್ರಿ ಡಬ್ಲಿನ್ನಿನಿಂದ ಮಗ ಫೋನ್ ಮಾಡಿದ. ಆ ಹುಡುಗನ ದನಿ ನಡುಗಾಕತ್ತಿತ್ತು. "ಅವ್ವಾ, ಖರೇ ಹೇಳು, ರಿಪೋರ್ಟಿನ್ಯಾಗ ಏನ ಬಂದೈತಿ? ನಾ ನಾಳೆನೇ ತಿಕೀಟ ತಗೀತೀನಿ." ಅವನ ಸಮಾಧಾನ ಮಾಡೂದರಾಗ ನನಗ ಸಾಕುಬೇಕಾತು. ಅಡ್ಡಾಡಾಕ ಹೋಗಿದ್ವೆಪಾ ಅಂದ್ರ ಅವನೂ ನಂಬವಲ್ಲ! ಹೆತ್ತ ಮಗನೇ ನಂಬವಲ್ಲ, ತನ್ನ ಅಪ್ಪಾ ಅವ್ವಾ ಬೆಳಗಾವ್ಯಾಗ ಸುಮ್ನ ಅಡ್ಡಾಡಿದ್ರಂತ.

ಫೋನ್ ಇಟ್ಟ ಮ್ಯಾಲೆ ನಾ ಇವರನ್ನ ಕೇಳಿದೆ, "ಯಾಕ ಹಂಗಂದ್ರಿ?"

"ಮತ್ತೇನ್ ಹೇಳಬೇಕಿತ್ತು? ಹೆಂಡ್ತಿ ಕರ್ಕೊಂಡು ತಿರಗಾಕತ್ತೀನಿ ಅಂತ ಹೇಳಲೇನು?"

"ಹೌದ್ರಿ. ಅದರಾಗ ಸುಳ್ಳೇನೈತಿ?"

ಅವರು ಮಾತಾಡಲಿಲ್ಲ. ನನಗ ಸಿಟ್ಟು ಬಂದಿದ್ದು ಸುಳ್ಳಿಗಲ್ಲ. ಹೆಂಡ್ತಿ ಜೋಡಿ ಸುಮ್ನ ಕುಂತು ಕುಂದಾ ತಿನ್ನೂದಕ್ಕಿಂತ ಹೆಂಡ್ತಿ ಜಡ್ಡಾಗಿದ್ದಾಳ ಅಂತ ಹೇಳೂದು ಮರ್ಯಾದಿದ್ದು ಅಂತ ಅವರ ಬಾಯಿಗೆ ತಾನ ಬಂತಲ್ಲ, ಅದಕ್ಕ.

ಆದ್ರ ಇವರನ್ನೊಬ್ಬರನ್ನೇ ಬೈದ್ರ ಅನ್ಯಾಯ ಆಗತೈತಿ. ಕೇಳಿದವರು ಮದಲ ದವಾಖಾನಿ ಅಂತನೇ ಯಾಕ ಕೇಳಿದ್ರು? ನಮ್ಮ ಕಡೆ ಐವತ್ತು ದಾಟಿದ ಗಂಡಾ ಹೆಂಡ್ತಿ ಜೋಡಿಲೆ ಕಾಣಬೇಕಂದ್ರ ಒಂದು ಕಾರಣ ಬೇಕು. ದೇವರು ನಡೀತೈತಿ, ಲಗ್ನದ ಜವಳಿ ನಡೀತೈತಿ, ಕೋರ್ಟು ನಡೀತೈತಿ. ಮುಂಜಾನೆ ನಡಿಯಾಕ ಹೋಗೂದು ಸೈತ ಡಾಕ್ಟರ್ ಸಕ್ರಿ ಬ್ಯಾನಿಗೆ ಹೇಳಿದ್ರಷ್ಟ ನಡೀತೈತಿ. ಹೊಸಾ ಜೋಡಿ ಗೋವಾಕ್ಕ ಹೋಗಲಿ, ಯಾರೂ ಏನೂ ಅನ್ನೂದಿಲ್ಲ. ಒಂದು ಕೂಸು ಆತೋ, ಅಲ್ಲಿಗೆ ಅವರು ಅಪ್ಪಾ ಅವ್ವಾ. ಕೂಸಿಗೆ ಮದಿವ್ಯಾತೋ, ಮುಗೀತು, ಅತ್ತಿ ಮಾವ. ಗಂಡಾ ಹೆಂಡ್ತಿ ಅನ್ನೂದು ರೇಶನ್ ಕಾರ್ಡಿನ್ಯಾಗ ಉಳಿತೈತಿ.

ಶಕ್ತಿ ಯೋಜನೆ ಬಂದು, 2023ರ ಜೂನ್ 11ರಿಂದ, ಹೆಣ್ಣಮಕ್ಕಳ ಕಾಲಿಗೆ ಬಲಾ ಬಂದೈತಿ, ಅದನ್ನ ನಾ ಅಲ್ಲಗಳಿಯೂದಿಲ್ಲ. ನಮ್ಮ ಓಣಿ ಹೆಣ್ಣಮಕ್ಕಳು ಕೂಡಿ ಸವದತ್ತಿ ಎಲ್ಲಮ್ಮನ ಗುಡ್ಡಕ್ಕ, ಧರ್ಮಸ್ಥಳಕ್ಕ ಹೋಗಿ ಬಂದ್ವಿ. ಹಾಡಿಕೋತ, ನಕ್ಕೋತ, ಬುತ್ತಿ ಉಣಕೋತ. ಅದೂ ಛಲೋ. ಆದ್ರ ನೋಡ್ರಿ, ಅದರಾಗೂ ಊರ ಹೆಸರು ದೇವರದೇ ಇರಬೇಕು. ಕೋಟಿ ನೋಡಾಕ ಹೊಂಟೀವಿ ಅಂತ ಹೇಳಿ ಒಂದು ಬಸ್ಸೂ ಹತ್ತಿಲ್ಲ. ಗಂಡನ ಜೋಡಿ ಹೋಗೂಣು ಬಾ ಅಂತ ಯಾರೂ ಅಂದಿಲ್ಲ, ಗಂಡಸರಿಗೆ ತಿಕೀಟು ಬೀಳತೈತಿ ಅನ್ನೂದು ನೆವಾ ಅಷ್ಟ.

ನಮ್ಮ ಅತ್ತಿ ಎಂಬತ್ತೊಂದು ವರ್ಷ ಬಾಳಿದ್ರು. ಖಾನಾಪುರ ಬಿಟ್ಟು ಅವರು ಬೆಳಗಾವಿಗೆ ಹೋಗಿದ್ದು ಮೂರು ಸಲ. ಎರಡನೇ ಬಾಣಂತನ ಕಠಿಣಾದಾಗ, ಮಗಳ ಜವಳಿ ತರಾಕ, ಕಡೇ ಸಲ ಕಣ್ಣಿನ ಆಪರೇಷನ್ನಿಗೆ. ಅವರಿಗೆ ಆರಾಮ ಇಲ್ಲದಾಗ ಒಮ್ಮೆ ನಾ ಕೇಳಿದ್ದೆ, ಬೆಳಗಾವಿ ಹೆಂಗ ಐತ್ರಿ ಅತ್ತಿ ಅಂತ. "ದವಾಖಾನಿ ಖಿಡಕ್ಯಾಗಿಂದ ಒಂದು ದೊಡ್ಡ ಆಲದ ಗಿಡಾ ಕಾಣತಿತ್ತವಾ" ಅಂದ್ರು. ಮಾವಾರು ಕೆಟ್ಟವರಾಗಿದ್ದಿಲ್ಲ. ಮಂದಿ ಮುಂದ ಅತ್ತಿ ಹೆಸರು ಹಿಡದು ಕರದಿದ್ದಿಲ್ಲ, ಒಂದು ದಿನಾ ಎದುರ ಕುಂತು ಉಂಡಿದ್ದಿಲ್ಲ, ಅದನ್ನ ಮರ್ಯಾದಿ ಅಂತ ತಿಳಕೊಂಡಿದ್ರು. ಇವರು ಅದನ್ನ ನೋಡಕೋತ ಬೆಳದಾರ. ನಾ ಈ ಅತ್ತಿ ಮಾತು ನೆನಪು ಮಾಡಿಕೊಟ್ಟಾಗಷ್ಟ ಇವರು ಆ ರಾತ್ರಿ ಸ್ವಲ್ಪ ಮೆತ್ತಗಾದ್ರು.

ಕೆಲವರು ಅಂತಾರ, ಇದೆಲ್ಲಾ ಮಕ್ಕಳು ಪರದೇಶದಾಗ ಇದ್ದವರ ಚೈನಿ, ರೊಕ್ಕಾ ಇದ್ದವರ ಮಾತು ಅಂತ. ಅವತ್ತಿನ ಖರ್ಚು ನಾ ಡೈರ್ಯಾಗ ಬರದೀನಿ. ಇವರ ಬಸ್ಸಿನ ತಿಕೀಟು, ಎರಡು ಸಲ ಆಟೋ, ಚಾ, ಒಂದು ಪ್ಲೇಟ ಕುಂದಾ, ಊಟಾ. ನಮ್ಮನ್ಯಾಗ ಒಂದು ಸತ್ಯನಾರಾಯಣ ಪೂಜಾಕ್ಕ ಅದರ ನಾಕರಷ್ಟು ಹೋಗತೈತಿ. ಮತ್ತ, ನಮಗಿಂತ ಬಡವರಾದ ಒಬ್ಬ ಗಾಡಿಯವ ಹೆಂಡ್ತೀನ್ನ ಮುಂದ ಕುಂದ್ರಿಸಿಕೊಂಡು ಸಂತಿಗೆ ಹೋಗೂದನ್ನ ನಾ ವಾರಾ ವಾರಾ ನೋಡತೀನಿ. ಕೂಲಿ ಮಂದಿಗೆ ಈ ಹತ್ತು ಹೆಜ್ಜಿ ಗೊತ್ತಿಲ್ಲ. ಒಂದ ಹೊಲದಾಗ ಇಬ್ಬರೂ ದುಡೀತಾರ, ಒಂದ ಸೈಕಲ್ ಮ್ಯಾಲೆ ಬರತಾರ. ಸ್ವಲ್ಪ ಹೊಟ್ಟಿ ತುಂಬಿ, ಮನಿಗೆ ಗೇಟು ಹಾಕಿಸಿದ ನಮ್ಮಂಥವರದ ಈ ರೋಗ.

ಇನ್ನೂ ಒಂದು ಹೇಳೂದೈತಿ, ಅದು ನನ್ನ ತಪ್ಪು. ಮೊನ್ನೆ ಬೆಳಗಾವ್ಯಾಗ ನಮ್ಮ ಸಂಬಂಧಿಕರ ಹುಡುಗನ ಲಗ್ನ ಇತ್ತು. ವರಾತಕ್ಕ ಬಿಳೀ ಕುದರಿ ತರಿಸಿದ್ರು, ಜರಿ ಜೂಲಾ, ಕುತಗಿಗೆ ಗೆಜ್ಜಿ. ಮದುಮಗ ಇಳದು ಒಳಗ ಹೋದ ಮ್ಯಾಲೆ ಕುದರಿ ಮಂಟಪದ ಹೊರಗ ನಿಂತಿತ್ತು. ನಾ ಹೋಗಿ ಅದರ ಕುತಗಿ ಸವರಿದೆ. ಕುದರಿಯಾಂವ ನೋಡಿ, "ಹತ್ರಿ ಅಕ್ಕಾರ, ಶಾಂತ ಐತಿ ನಮ್ಮ ಕುದರಿ" ಅಂದ. ಚ್ಯಾಷ್ಟಿಗಲ್ಲ, ಮನಸ್ಸಿಟ್ಟು ಅಂದ. ನಾ ಎಡಗಾಲು ಎತ್ತೂದೊಂದ ಬಾಕಿ. ಹಿಂದ ತಿರಗಿ ನೋಡಿದೆ. ಇವರು ದೂರದಾಗ ಬೀಗರ ಜೋಡಿ ಮಾತಾಡಕೋತ ನಿಂತಿದ್ರು, ನನ್ನ ಕಡೆ ನೋಡಿದ್ದೂ ಇಲ್ಲ, ಬ್ಯಾಡ ಅಂದಿದ್ದೂ ಇಲ್ಲ. ಬಾಗಲದಾಗ ಕುಂತ ಹೆಣ್ಣಮಕ್ಕಳು ಮಾತ್ರ ನೋಡಾಕತ್ತಿದ್ರು. ನಾ, "ಬ್ಯಾಡ ತಮ್ಮಾ, ರೇಶ್ಮಿ ಸೀರಿ" ಅಂದೆ. ಇವರ ಚೆಕಪ್ಪಿನಂಥಾದ್ದೇ ನೆವಾ ಅದು. ಮನಿಗೆ ಬಂದ ಮ್ಯಾಲೆ ಸೀರಿ ಮಡಚುವಾಗ ಅನಸ್ತು, ಇವರನ್ನ ಅಷ್ಟು ಬೈದಾಕಿ ನಾನು, ಬಾಗಲದಾಗಿನ ನಾಕು ಜೋಡಿ ಕಣ್ಣಿಗೆ ಅಂಜಿ ಬಂದೆ.

ಅದನ್ನ ಇವರ ಮುಂದ ಹೇಳಿದೆ. ಹೇಳಿದ್ರ ನಗತಾರ ಅನಕೊಂಡಿದ್ದೆ, ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಬರೂ ಐತವಾರ ನಂದಗಡಕ್ಕ ಹೋಗೂಣೇನು? ಹಂಗ ಮುಂದ ಹಲಸಿಗೂ ಹೋಗಿ ಬರೂಣು" ಅಂತ ತಾವಾಗೇ ಕೇಳಿದ್ರು. ನಂದಗಡ ನಮ್ಮ ತಾಲೂಕಿನ್ಯಾಗೇ ಐತಿ, ಸಂಗೊಳ್ಳಿ ರಾಯಣ್ಣನ್ನ ಬ್ರಿಟಿಷರು ಗಲ್ಲಿಗೆ ಹಾಕಿದ ಊರು, 1831ರ ಜನೆವರಿ 26ಕ್ಕ. ಹಲಸಿ ಅಂದ್ರ ಕದಂಬರ ಪಲಾಸಿಕಾ, ಭೂವರಾಹ ನರಸಿಂಹ ಗುಡಿ ಐತಿ. ಎರಡೂ ಸಮೀಪ, ಎರಡೂ ನಾ ನೋಡಿಲ್ಲ.

"ಹೋಗೂಣ್ರಿ" ಅಂದೆ. "ಆದ್ರ ಯಾರರ ಕೇಳಿದ್ರ ಏನ್ ಹೇಳತೀರಿ?"

ಇವರು ಚಷ್ಮಾ ತಗದು ಒರಸಿಕೋತ ಭಾಳ ವಿಚಾರ ಮಾಡಿದ್ರು. ಆಮ್ಯಾಲ, "ರಾಯಣ್ಣನ ಸಮಾಧಿಗೆ ಕೈ ಮುಗಿಯಾಕ ಬಂದೀವಿ ಅಂತ ಹೇಳತೀನಿ" ಅಂದ್ರು.

ಆತ್ರಿ ಅಂದೆ. ಈ ಸಲ ನಾನಂತೂ ಜಡ್ಡಿನಾಕಿ ಅಲ್ಲ. ಶನಿವಾರ ರಾತ್ರಿನೇ ಸಜ್ಜಿ ರೊಟ್ಟಿ ಬಡದು ಇಡಬೇಕು, ಶೇಂಗಾ ಚಟ್ನಿ ಡಬ್ಬಿ ಖಾಲಿ ಆಗೇತಿ, ಅದನ್ನೂ ಕುಟ್ಟಬೇಕು. ಛತ್ರಿ ಒಂದ ತಗೊಂಡು ಹೋಗೂಣು ಅಂತ ಇನ್ನೂ ಹೇಳಿಲ್ಲ.